ಕಾರು ಕೊಳ್ಳಲು ಬಂದವರ ಪ್ರಶ್ನೆಗಳು, ನಾನು ಕೊಟ್ಟ ಉತ್ತರಗಳು

ನನ್ನ ಕಾರನ್ನು ದಲ್ಲಾಳಿಯ ನೆರವಿಲ್ಲದೆ ನಾನೇ ಮಾರಬೇಕೆಂದು ನಿಶ್ಚಯಿಸಿದ ದಿನದಿಂದ ಅದು ಬೇರೊಬ್ಬರ ಕೈ ಸೇರುವವರೆಗೆ ಹನ್ನೊಂದು ವಾರಗಳು ಹಿಡಿದವು. 2007ರ ಮಾದರಿಯ ಪೋರ್ಷೆ ಬಾಕ್ಸ್‌ಸ್ಟರ್ ಎಸ್ ಅದು: 3.4 ಲೀಟರಿನ ಆರು ಸಿಲಿಂಡರುಗಳ ಎಂಜಿನ್, ಕೈಯಿಂದ ಬದಲಿಸುವ ಆರು ಗೇರು, ಮಡಚಿಡಬಹುದಾದ ಬಟ್ಟೆಯ ಮೇಲ್ಛಾವಣಿ, 84,000 ಕಿಲೋಮೀಟರ್ ಓಟ. ನಾನು ಅದರ ಮೂರನೆಯ ಮಾಲೀಕ. ಈ ವಾರಗಳಲ್ಲಿ ಫೋನಿನಲ್ಲಿ, ಸಂದೇಶಗಳಲ್ಲಿ, ಕಾರಿನ ಪಕ್ಕದಲ್ಲೇ ನಿಂತು ಜನರು ಕೇಳಿದ ಪ್ರಶ್ನೆಗಳನ್ನೂ ನಾನು ಕೊಟ್ಟ ಉತ್ತರಗಳನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೆ. ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಇನ್ನೊಂದು ಹೇಳಿಬಿಡಬಾರದು ಎಂಬುದಷ್ಟೇ ಆಗಿನ ಉದ್ದೇಶವಾಗಿತ್ತು. ಇಂಥದೇ ಕಾರನ್ನು ಮಾರಲು ಹೊರಟವರಿಗೆ ಇದರಲ್ಲಿ ಕೆಲವಾದರೂ ಉಪಯೋಗಕ್ಕೆ ಬರಬಹುದೆಂದು ಈಗ ಬರೆಯುತ್ತಿದ್ದೇನೆ.

ಮೊದಲು ನಾನು ಈ ಕಾರನ್ನು ಕೊಂಡ ಸಂಗತಿಯನ್ನು ಹೇಳಬೇಕು. ಆಗ ನಾನು ಮಾರುವವರನ್ನು ಕೇಳಿದ ಪ್ರಶ್ನೆಗಳಿಗೆಲ್ಲ ಬಂದ ಉತ್ತರ ಒಂದೇ: "ಏನೂ ತೊಂದರೆ ಇಲ್ಲ." ಆರು ತಿಂಗಳ ಬಳಿಕ ಒಂದು ದಿನ ಕಾರನ್ನು ತೊಳೆದು ಒರೆಸುತ್ತಿದ್ದಾಗ, ಬಲಗಡೆಯ ಹಿಂಚಕ್ರದ ಮೇಲ್ಭಾಗಕ್ಕೆ ಹೊಂದಿಕೊಂಡ ರಬ್ಬರಿನ ಅಂಚಿನಲ್ಲಿ ಕೂದಲೆಳೆಯಷ್ಟು ಸಣ್ಣಗೆ ಬೆಳ್ಳಿ ಬಣ್ಣದ ಗೆರೆಯೊಂದು ಕಂಡಿತು. ಕಾರ್ಖಾನೆಯಲ್ಲಿ ಬಣ್ಣ ಹಚ್ಚುವಾಗ ಆ ರಬ್ಬರು ಅಲ್ಲಿ ಇರುವುದೇ ಇಲ್ಲ. ಬಣ್ಣ ಒಣಗಿದ ಮೇಲೆ ಅದನ್ನು ಕೂರಿಸುತ್ತಾರೆ. ರಬ್ಬರಿನ ಮೇಲೆ ಬಣ್ಣ ಬಿದ್ದಿದೆ ಎಂದರೆ ಯಾರೋ ಅದನ್ನು ಬಿಚ್ಚದೆ ಆ ಭಾಗಕ್ಕೆ ಮತ್ತೆ ಬಣ್ಣ ಹೊಡೆದಿದ್ದಾರೆ ಎಂದೇ ಅರ್ಥ. ದೋಷ ಅಂಥ ದೊಡ್ಡದೇನಲ್ಲ. ಆದರೆ ಅಂದಿನಿಂದ, ಆ ಮಾರಾಟಗಾರರು ಹೇಳಿದ ಉಳಿದ ಮಾತುಗಳಲ್ಲಿ ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂಬುದು ನನಗೆ ತಿಳಿಯದಂತಾಯಿತು. ಆದ್ದರಿಂದ ನನ್ನ ಸರದಿ ಬಂದಾಗ ನನಗೆ ನಾನೇ ಒಂದು ಕಟ್ಟು ಹಾಕಿಕೊಂಡೆ. ನಾನೇ ಮಾಡಿದ್ದು ಅಥವಾ ಕಣ್ಣಾರೆ ಕಂಡದ್ದು, ಕಾಗದಗಳು ಹೇಳುವುದು, ನನಗೆ ಗೊತ್ತಿಲ್ಲದ್ದು, ಇವನ್ನು ಒಂದರೊಳಗೊಂದು ಬೆರೆಸದೆ ಬೇರೆಬೇರೆಯಾಗಿಯೇ ಹೇಳಬೇಕು. ಮುಂದೆ ಬರೆದಿರುವುದೆಲ್ಲ ಈ ಒಂದು ಕಟ್ಟಿನಿಂದಲೇ ಬಂದದ್ದು.

ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮೊದಲು ಕೇಳಿದ್ದು ಐಎಂಎಸ್ ಬೇರಿಂಗಿನ ವಿಚಾರ. ಈ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಶಾಫ್ಟಿನಿಂದ ಚೈನಿನ ಮೂಲಕ ತಿರುಗುವ ನಡುವಿನ ಶಾಫ್ಟ್ (ಇಂಟರ್‌ಮೀಡಿಯೆಟ್ ಶಾಫ್ಟ್, ಅಂದರೆ ಐಎಂಎಸ್) ಒಂದಿದ್ದು, ಅದು ಮತ್ತೆ ಚೈನುಗಳ ಮೂಲಕ ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟುಗಳನ್ನು ತಿರುಗಿಸುತ್ತದೆ. ಅದರ ಒಂದು ತುದಿ ನಿಂತಿರುವುದು ಗ್ರೀಸು ತುಂಬಿ ಮುಚ್ಚಿದ ಬಾಲ್ ಬೇರಿಂಗಿನ ಮೇಲೆ. ಆ ಬೇರಿಂಗು ಮುರಿದರೆ ವಾಲ್ವುಗಳ ಹೊಂದಾಣಿಕೆ ತಪ್ಪಿ, ಅವು ಪಿಸ್ಟನ್ನಿಗೆ ಬಡಿದು, ಇಡೀ ಎಂಜಿನ್ನು ಕೈಬಿಡಬೇಕಾಗುತ್ತದೆ. 1996ರಲ್ಲಿ ಬಂದ ಮೊದಲ ಬಾಕ್ಸ್‌ಸ್ಟರಿನಿಂದ 2008ರ ಮಾದರಿಯವರೆಗೆ ಈ ಶಾಫ್ಟ್ ಇದೆ. 2009ರ ಮಾದರಿಗೆ ಬಂದ ಹೊಸ ಎಂಜಿನ್ನಿನಲ್ಲಿ ಅದನ್ನು ತೆಗೆದೇ ಹಾಕಿದರು. ನನ್ನ ಕಾರಿನ ವರ್ಷದ ಎಂಜಿನ್ನಿನಲ್ಲಿ ಇರುವುದು ಹಿಂದಿನವಕ್ಕಿಂತ ದೊಡ್ಡ ಬೇರಿಂಗು. ಅದು ಕೈಕೊಡುವುದು ಹಿಂದಿನದಕ್ಕಿಂತ ಬಹಳ ಅಪರೂಪ. ಆದರೆ ಅದು ದೊಡ್ಡದಾದ ಕಾರಣಕ್ಕೇ ಎಂಜಿನ್ನಿನ ಕೇಸನ್ನು ಎರಡು ಹೋಳು ಮಾಡದೆ ಹೊರಗೆ ಬರುವುದಿಲ್ಲ.

"ಬೇರಿಂಗ್ ಬದಲಾಯಿಸಿದ್ದೀರಾ?" ಎಂಬ ಪ್ರಶ್ನೆಗೆ "ಇಲ್ಲ" ಎಂಬ ಒಂದೇ ಪದದ ಉತ್ತರ ನಿಜವಾದರೂ ಸಾಲದು, ಏಕೆಂದರೆ ಕೇಳುವವರು ಅದನ್ನು ನಿರ್ಲಕ್ಷ್ಯ ಎಂದು ತಿಳಿಯುವ ಸಂಭವವಿದೆ. "ಚಿಂತೆಯಿಲ್ಲ, ಈ ವರ್ಷದ ಕಾರುಗಳಲ್ಲಿ ಆ ತೊಂದರೆ ಇಲ್ಲ" ಎಂದರೆ ಅದು ನಿಜವನ್ನು ಮೀರಿದ ಮಾತು. ನಾನು ಹೇಳಿದ್ದು ಹೀಗೆ: ಬೇರಿಂಗು ಕಾರ್ಖಾನೆಯಿಂದ ಬಂದದ್ದೇ ಇದೆ, 61,000 ಕಿಲೋಮೀಟರಿನಲ್ಲಿ ಕ್ಲಚ್ ಬದಲಾಯಿಸಿದಾಗ ಬೇರಿಂಗಿನ ಹೊರಗಿನ ಗ್ರೀಸ್ ಸೀಲನ್ನು ತೆಗೆಸಿ, ಎಂಜಿನ್ ಆಯಿಲೇ ಒಳಗೆ ಹೋಗಿ ಅದನ್ನು ತೋಯಿಸುವಂತೆ ಮಾಡಿಸಿದ್ದೇನೆ, ಅದರ ಬಿಲ್ಲು ಇಲ್ಲಿದೆ, ಪ್ರತಿ ಬಾರಿ ಆಯಿಲ್ ಬದಲಾಯಿಸಿದಾಗಲೂ ಹಳೆಯ ಫಿಲ್ಟರನ್ನು ಕತ್ತರಿಸಿ ನೋಡಿದ್ದೇನೆ, ಮುಂದೆ ಏನಾದೀತೆಂದು ನಾನು ಹೇಳಲಾರೆ. ಈ ಮಾತು ಹೇಳುವಾಗ ಕೈಯಲ್ಲಿ ಫೋಟೋಗಳಿದ್ದವು. ಫಿಲ್ಟರಿನ ಮಡಿಕೆ ಮಡಿಕೆಯಾದ ಕಾಗದವನ್ನು ಹೊರತೆಗೆದು, ಬಿಳಿಯ ಹಾಳೆಯ ಮೇಲೆ ಹಾಸುಗಂಬಳಿಯಂತೆ ಹರಡಿ, ಒಂದೊಂದೇ ಮಡಿಕೆಯನ್ನು ಬಿಡಿಸಿ, ಅದರ ಮೇಲೆ ಅಯಸ್ಕಾಂತವನ್ನು ಆಡಿಸಿ ತೆಗೆದ ಚಿತ್ರಗಳು ಅವು. ಹೊಳೆಯುವ ಲೋಹದ ಚೂರು ಇದ್ದರೆ ಆ ಕಪ್ಪು ಕಾಗದದ ಮೇಲೆ ತಪ್ಪದೆ ಕಾಣುತ್ತದೆ. ಒಬ್ಬ ಮಹಿಳೆ ಐದು ವರ್ಷಗಳ ಐದೂ ಫೋಟೋಗಳನ್ನು ದೊಡ್ಡದು ಮಾಡಿ ನೋಡುತ್ತ ಕಾಲು ಗಂಟೆ ಮಾತೇ ಆಡಲಿಲ್ಲ. ಅವರು ಈ ಕಾರನ್ನು ಕೊಳ್ಳಲಿಲ್ಲ. ಆದರೆ ಅಷ್ಟು ಗಮನವಿಟ್ಟು ನೋಡಿದವರನ್ನು ಕಂಡು ನನಗೆ ನಿಜವಾಗಿಯೂ ಸಂತೋಷವಾಯಿತು.

ಇದರ ಬೆನ್ನಿಗೇ ಬರುತ್ತಿದ್ದುದು ಸಿಲಿಂಡರುಗಳ ಗೋಡೆಯಲ್ಲಿ ಗೀರು ಬಿದ್ದಿದೆಯೇ ಎಂಬ ಪ್ರಶ್ನೆ. 3.4 ಲೀಟರಿನ ಎಂಜಿನ್ನಿನ ಬಗ್ಗೆ ತಿಳಿದವರು ಇದನ್ನು ಕೇಳಿಯೇ ಕೇಳುತ್ತಾರೆ. ಇದಕ್ಕೆ ಮಾರುವವರ ಬಾಯಿಮಾತು ಉತ್ತರವೇ ಅಲ್ಲ. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು ಸಣ್ಣ ಕ್ಯಾಮೆರಾ ಇಳಿಸಿ ನೋಡಬೇಕು. ಇನ್ನೂ ಖಚಿತವಾಗಬೇಕಾದರೆ ಕೆಳಗಿನ ಆಯಿಲ್ ಸಂಪ್, ಅಂದರೆ ಆಯಿಲ್ ನಿಲ್ಲುವ ತೊಟ್ಟಿಯನ್ನು ಬಿಚ್ಚಿ ಆ ಕಡೆಯಿಂದ ನೋಡಬೇಕು. ನಾನು ನೋಡಿಸಿರಲಿಲ್ಲ, ಹಾಗೆಂದೇ ಹೇಳಿದೆ. ಗೀರು ಬಿದ್ದ ಎಂಜಿನ್ನು ಆಯಿಲ್ ಹೆಚ್ಚು ಕುಡಿಯುತ್ತದೆ. ನನ್ನಲ್ಲಿ ಇದ್ದದ್ದು ಆ ಆಯಿಲಿನ ಲೆಕ್ಕ: ಎಷ್ಟು ಕಿಲೋಮೀಟರಿಗೆ ಎಷ್ಟು ಆಯಿಲ್ ಮತ್ತೆ ಹಾಕಿದ್ದೇನೆ ಎಂಬುದನ್ನು ದಿನಾಂಕ ಸಹಿತ ಬರೆದಿಟ್ಟಿದ್ದೆ. "ಆಯಿಲ್ ಕುಡಿಯುವುದಿಲ್ಲ" ಎನ್ನುವುದಕ್ಕಿಂತ "3,000 ಕಿಲೋಮೀಟರಿಗೆ ಸುಮಾರು ಅರ್ಧ ಲೀಟರ್, ಐದು ವರ್ಷಗಳಿಂದ ಅದು ಹೆಚ್ಚಾಗಿಲ್ಲ" ಎನ್ನುವ ಮಾತು ಕೇಳುವವರಿಗೆ ಹೆಚ್ಚು ನೆಲೆ ಕೊಡುತ್ತದೆ.

ಎಂಜಿನ್ನನ್ನು ತಣ್ಣಗಿರುವಾಗಲೇ ಶುರು ಮಾಡಿ ನೋಡಬೇಕೆಂದು ಕೆಲವರು ಸಂಕೋಚದಿಂದ ಕೇಳಿದರು. ಇದರಲ್ಲಿ ಸಂಕೋಚ ಪಡುವಂಥದ್ದೇನೂ ಇಲ್ಲ. ಅದು ಅವರ ಹಕ್ಕು. ಮಾರುವವರು ಮೊದಲೇ ಒಂದು ಸುತ್ತು ಹೋಗಿಬಂದು ಎಂಜಿನ್ನನ್ನು ಬಿಸಿ ಮಾಡಿಟ್ಟರೆ ಎಷ್ಟೋ ಸದ್ದುಗಳು ಅಡಗಿಹೋಗುತ್ತವೆ. ಆದ್ದರಿಂದ ಯಾರಾದರೂ ಬರುವ ದಿನ ನಾನು ಕಾರನ್ನು ಮುಟ್ಟುತ್ತಲೇ ಇರಲಿಲ್ಲ. ಅವರು ಬಂದೊಡನೆ ಹಿಂದಿನ ಹೊಗೆಕೊಳವೆಯ ಮೇಲೆ ಕೈಯಿಟ್ಟು ನೋಡುವಂತೆ ಹೇಳಿ, ಬಳಿಕ ಕೀಲಿಯನ್ನು ಅವರ ಕೈಗೇ ಕೊಡುತ್ತಿದ್ದೆ. ಒಂದು ವಿಷಯವನ್ನು ಮಾತ್ರ ಮುಂಚಿತವಾಗಿ ತಿಳಿಸುತ್ತಿದ್ದೆ: ಈ ಎಂಜಿನ್ನಿನ ಸಿಲಿಂಡರುಗಳು ನಿಂತಿರುವುದಿಲ್ಲ, ಅಡ್ಡ ಮಲಗಿರುತ್ತವೆ, ಕೆಲವು ದಿನ ನಿಂತ ಕಾರಿನಲ್ಲಿ ಸ್ವಲ್ಪ ಆಯಿಲ್ ಪಿಸ್ಟನ್ನಿನ ರಿಂಗುಗಳನ್ನು ದಾಟಿ ಒಳಗೆ ಸೇರಿ, ಶುರು ಮಾಡಿದ ಕ್ಷಣ ನೀಲಿ ಹೊಗೆ ಒಮ್ಮೆ ಬುಸ್ಸೆಂದು ಹೊರಬರಬಹುದು. ಅದು ಕೆಲವೇ ಕ್ಷಣಗಳಲ್ಲಿ ನಿಂತರೆ ಸಹಜ, ನಿಲ್ಲದಿದ್ದರೆ ಅಲ್ಲ. ಹೊಗೆ ಬಂದ ಮೇಲೆ ಇದೇ ವಿವರಣೆ ಕೊಟ್ಟಿದ್ದರೆ ಅದು ನೆಪದಂತೆ ಕೇಳಿಸುತ್ತಿತ್ತು.

"ರೇಸ್ ಟ್ರ್ಯಾಕಿನಲ್ಲಿ ಓಡಿಸಿದ್ದೀರಾ?" ಈ ಪ್ರಶ್ನೆಯನ್ನು ಬಹಳ ಮಾರಾಟಗಾರರು ಹೆದರಿಕೆಯಿಂದ ತಳ್ಳಿಹಾಕುತ್ತಾರೆ ಎಂದು ನನ್ನ ಅನಿಸಿಕೆ. ನಾನು ಎರಡು ಬಾರಿ ಓಡಿಸಿದ್ದೆ, ಹಾಗೆಂದೇ ಹೇಳಿದೆ. ಹೇಳಿದ ಮೇಲೆ ಅದರ ಪರಿಣಾಮವನ್ನೂ ತೋರಿಸಬೇಕಾದದ್ದು ನನ್ನ ಹೊಣೆ. ಎರಡೂ ಸಲ ಬ್ರೇಕ್ ಆಯಿಲ್ ಬದಲಾಯಿಸಿದ ಬಿಲ್ಲುಗಳಿದ್ದವು. ಬ್ರೇಕ್ ಡಿಸ್ಕಿನ ಕನಿಷ್ಠ ದಪ್ಪ ಎಷ್ಟಿರಬೇಕೆಂಬುದು ಡಿಸ್ಕಿನ ಮೇಲೆಯೇ ಅಚ್ಚಾಗಿರುತ್ತದೆ. ನನ್ನ ಕಾರಿನ ಮುಂದಿನ ಡಿಸ್ಕುಗಳ ಮಿತಿ 26 ಮಿಲಿಮೀಟರ್, ಮೈಕ್ರೋಮೀಟರಿನಲ್ಲಿ ಅಳೆದಾಗ ಸಿಕ್ಕಿದ್ದು 27.1. ಹಳೆಯದಾದ ಡಿಸ್ಕು, ಆದರೆ ಬದಲಾಯಿಸಲೇಬೇಕಾದ ಹಂತಕ್ಕೆ ಬಂದಿರಲಿಲ್ಲ.

ಆದರೆ ಟ್ರ್ಯಾಕಿನ ಪ್ರಶ್ನೆ ಕೇಳುವವರಿಗೆ ನಿಜವಾಗಿ ತಿಳಿಯಬೇಕಾದದ್ದು ಬ್ರೇಕಿನ ವಿಚಾರವಲ್ಲ, ಎಂಜಿನ್ನು ತನ್ನ ಮಿತಿ ಮೀರಿ ತಿರುಗಿದೆಯೇ ಎಂಬುದು. ಆಕ್ಸೆಲರೇಟರನ್ನು ಎಷ್ಟು ಒತ್ತಿದರೂ ಮಿತಿ ಮುಟ್ಟಿದೊಡನೆ ಇಂಧನವನ್ನು ತಡೆಯುವ ಏರ್ಪಾಡು ಕಾರಿನಲ್ಲಿದೆ. ಐದನೆಯ ಗೇರಿನಿಂದ ನಾಲ್ಕಕ್ಕೆ ಇಳಿಸಲು ಹೋಗಿ ಕೈತಪ್ಪಿ ಎರಡಕ್ಕೆ ಹಾಕಿದರೆ ಮಾತ್ರ ಆ ಏರ್ಪಾಡು ಏನನ್ನೂ ಮಾಡಲಾರದು. ಚಕ್ರಗಳೇ ಎಂಜಿನ್ನನ್ನು ಎಳೆದು ತಿರುಗಿಸುತ್ತವೆ. ಪೋರ್ಷೆಯ ಎಂಜಿನ್ ಕಂಪ್ಯೂಟರು ಇಂಥ ಘಟನೆಗಳನ್ನು ವೇಗದ ಹಂತಗಳಿಗೆ ಅನುಸಾರವಾಗಿ ಎಣಿಸಿ, ಎಂಜಿನ್ ಎಷ್ಟು ಗಂಟೆ ಓಡಿದ್ದಾಗ ಅದು ನಡೆಯಿತು ಎಂಬುದರ ಸಮೇತ ನೆನಪಿಟ್ಟುಕೊಂಡಿರುತ್ತದೆ. ಕೆಳಗಿನ ಹಂತದಲ್ಲಿ ಎಣಿಕೆಯಿದ್ದರೆ ಅಷ್ಟಾಗಿ ಚಿಂತಿಸಬೇಕಿಲ್ಲ, ಅದು ಮಿತಿಯವರೆಗೆ ಓಡಿಸಿದ್ದನ್ನಷ್ಟೇ ತೋರಿಸುತ್ತದೆ. ಮೇಲಿನ ಹಂತದ ಎಣಿಕೆ ಗೇರು ತಪ್ಪಿಯೇ ಬರಬೇಕು. ಮಾರಾಟಕ್ಕೆ ಇಡುವ ಮೊದಲೇ ನಾನು ಈ ವರದಿಯನ್ನು ತೆಗೆಸಿ ಮುದ್ರಿಸಿಟ್ಟುಕೊಂಡಿದ್ದೆ. ಕೆಳಗಿನ ಹಂತದಲ್ಲಿ ಎಣಿಕೆಯಿತ್ತು, ಮೇಲಿನದು ಸೊನ್ನೆ.

ಅದೇ ಹಾಳೆಯಲ್ಲಿ ಎಂಜಿನ್ ಓಡಿದ ಒಟ್ಟು ಗಂಟೆಗಳೂ ಇರುತ್ತವೆ. ನನ್ನ ಕಾರಿನದು ಸುಮಾರು 1,900 ಗಂಟೆ. 84,000 ಕಿಲೋಮೀಟರನ್ನು ಅದರಿಂದ ಭಾಗಿಸಿದರೆ ಗಂಟೆಗೆ 44 ಕಿಲೋಮೀಟರ್ ಸರಾಸರಿ ವೇಗ ಬರುತ್ತದೆ. ಊರೊಳಗೂ ಹೆದ್ದಾರಿಯಲ್ಲೂ ಓಡಿದ ಕಾರಿಗೆ ಇದು ಒಪ್ಪುವ ಲೆಕ್ಕ. ಓಡೋಮೀಟರನ್ನು ಹಿಂದಕ್ಕೆ ತಿರುಗಿಸಿದ್ದರೆ ಈ ಸರಾಸರಿ ಅಸಹಜವಾಗಿ ಇಳಿದಿರುತ್ತದೆ. "ಕಿಲೋಮೀಟರ್ ನಿಜವೇ?" ಎಂದು ಯಾರಾದರೂ ಕೇಳಿದಾಗ ಮನಸ್ಸಿಗೆ ನೋವು ಮಾಡಿಕೊಳ್ಳುವ ಬದಲು ನಾನು ಈ ಹಾಳೆಯನ್ನೂ ಒಂದು ಪೆನ್ನನ್ನೂ ಮುಂದಿಟ್ಟು, ಭಾಗಾಕಾರವನ್ನು ಅವರೇ ಮಾಡಿಕೊಳ್ಳಲಿ ಎಂದು ಸುಮ್ಮನಿರುತ್ತಿದ್ದೆ.

ಅಪಘಾತದ ಪ್ರಶ್ನೆಗೆ ಉತ್ತರಿಸುವುದು ನನಗೆ ಎಲ್ಲಕ್ಕಿಂತ ಕಷ್ಟವಾಗಿತ್ತು, ಏಕೆಂದರೆ ಇದರಲ್ಲಿ ನನಗೆ ಗೊತ್ತಿಲ್ಲದ ಭಾಗವೇ ಹೆಚ್ಚು. ನನ್ನ ಕಾಲದಲ್ಲಿ ಆದದ್ದು ಒಂದೇ, ಎಡಗಡೆಯ ಮುಂಚಕ್ರದ ರಿಮ್ಮು ರಸ್ತೆಯಂಚಿನ ಕಲ್ಲಿಗೆ ಉಜ್ಜಿ ಬೆರಳುದ್ದದ ಗಾಯವಾಗಿದೆ. ಅದನ್ನು ರಿಪೇರಿ ಮಾಡಿಸಿರಲಿಲ್ಲ. ಹಿಂದಿನವರ ಕಾಲದಲ್ಲಿ ಬಲಗಡೆಯ ಹಿಂಭಾಗಕ್ಕೆ ಬಣ್ಣ ಬಿದ್ದಿದೆ, ಯಾಕೆಂದು ಗೊತ್ತಿಲ್ಲ. ಬಣ್ಣದ ದಪ್ಪ ಅಳೆಯುವ ಸಣ್ಣ ಉಪಕರಣವೊಂದನ್ನು ಎರವಲು ತಂದು ಇಡೀ ಕಾರನ್ನು ಅಳೆದು, ಸಂಖ್ಯೆಗಳನ್ನು ಕಾರಿನ ನಕ್ಷೆಯೊಂದರ ಮೇಲೆ ಬರೆದಿಟ್ಟಿದ್ದೆ. ಉಳಿದೆಡೆಯೆಲ್ಲ 100ರಿಂದ 140 ಮೈಕ್ರಾನ್ ಇದ್ದರೆ ಆ ಒಂದು ಭಾಗದಲ್ಲಿ 240ರ ಆಸುಪಾಸು. ಪುಟ್ಟಿ ತುಂಬಿ ಮಟ್ಟಮಾಡಿದ್ದರೆ ಅದು ಇನ್ನೂ ಎಷ್ಟೋ ಪಟ್ಟು ಮೇಲೇರುತ್ತಿತ್ತು. ಆದ್ದರಿಂದ ಮೇಲ್ಮೇಲಿನ ಗೀಚಿಗಾಗಿ ಬಣ್ಣ ಹೊಡೆದಿರಬಹುದು ಎಂಬುದು ನನ್ನ ಊಹೆ. ಊಹೆಯನ್ನು ಊಹೆ ಎಂದು ಹೇಳಿಯೇ ಹೇಳಿದೆ. ಆ ರಬ್ಬರಿನ ಅಂಚಿನ ಗೆರೆಯನ್ನು ಪ್ರತಿಯೊಬ್ಬರಿಗೂ ನಾನೇ ಬಗ್ಗಿ ಬೆರಳಿಟ್ಟು ತೋರಿಸಿದೆ. ಅದನ್ನು ತೋರಿಸಿದ ಮೇಲೆ ಇಬ್ಬರು ಹೊರಟುಹೋದರು. ಉಳಿದವರು ಅಲ್ಲಿಂದ ಮುಂದೆ ನನ್ನ ಮಾತನ್ನು ಕೇಳಿದ ರೀತಿಯೇ ಬೇರೆಯಾಗಿತ್ತು.

ಎರಡನೆಯ ಮಾಲೀಕರ ಕಾಲದಲ್ಲಿ ಇಪ್ಪತ್ತಾರು ತಿಂಗಳ ಸರ್ವಿಸ್ ದಾಖಲೆಗಳೇ ಇಲ್ಲ. ಅದರ ಹಿಂದಿನ ಮತ್ತು ಮುಂದಿನ ಬಿಲ್ಲುಗಳಲ್ಲಿ ಕಿಲೋಮೀಟರು ಬರೆದಿರುವುದರಿಂದ ಆ ನಡುವೆ ಕಾರು 7,000 ಕಿಲೋಮೀಟರು ಓಡಿದೆ ಎಂಬುದನ್ನಷ್ಟೇ ಹೇಳಬಹುದು. "ಸರ್ವಿಸ್ ಆಗಿರಬೇಕು" ಎಂದು ಸೇರಿಸುವ ಆಸೆ ಬಾಯಿತುದಿಯವರೆಗೆ ಬಂದದ್ದುಂಟು. ಸೇರಿಸಲಿಲ್ಲ. ಕಾಗದಗಳನ್ನೆಲ್ಲ ದಿನಾಂಕದ ಕ್ರಮದಲ್ಲಿ ಜೋಡಿಸಿ, ಆ ಜಾಗದಲ್ಲಿ ಒಂದು ಖಾಲಿ ಹಾಳೆಯನ್ನಿಟ್ಟು, "ಇಲ್ಲಿ ದಾಖಲೆಗಳಿಲ್ಲ" ಎಂದು ಬರೆದಿದ್ದೆ.

ಕಡಿಮೆ ಓಡಿದ ಕಾರು ಒಳ್ಳೆಯ ಕಾರು ಎಂಬ ನಂಬಿಕೆ ಬಲವಾಗಿದೆ. ಕೊನೆಯ ಎರಡು ವರ್ಷ ಇದು ವರ್ಷಕ್ಕೆ 2,000 ಕಿಲೋಮೀಟರೂ ಓಡಿರಲಿಲ್ಲ. ಕೆಲವರು ಅದನ್ನು ಮೆಚ್ಚಿಕೊಂಡರು. ನಿಂತ ಕಾರಿನಲ್ಲಿ ರಬ್ಬರು ಒಣಗುತ್ತದೆ, ಬ್ಯಾಟರಿ ಸೊರಗುತ್ತದೆ, ಟೈರು ಸವೆಯದೆಯೇ ಹಳೆಯದಾಗುತ್ತದೆ ಎಂದು ಅವರಿಗೆ ತಿಳಿಸಬೇಕಾಯಿತು. ಟೈರಿನ ಪಕ್ಕದಲ್ಲಿ DOT ಎಂಬ ಅಕ್ಷರಗಳಿಂದ ಶುರುವಾಗುವ ಗುರುತಿನ ಕೊನೆಯ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. 2319 ಎಂದಿದ್ದರೆ 2019ರ 23ನೆಯ ವಾರ. ನನ್ನ ಹಿಂದಿನ ಟೈರುಗಳಲ್ಲಿ ಗೆರೆ ಚೆನ್ನಾಗಿಯೇ ಉಳಿದಿತ್ತು, ಆದರೆ ವಯಸ್ಸಾಗಿತ್ತು. ಬದಲಾಯಿಸಬೇಕಾಗುತ್ತದೆ ಎಂದು ಜಾಹೀರಾತಿನಲ್ಲೇ ಬರೆದೆ.

ಮೇಲ್ಛಾವಣಿ ಸೋರುತ್ತದೆಯೇ ಎಂದು ಒಬ್ಬ ಯುವಕ ಕೇಳಿದಾಗ ನಾನು ಮಾತಿನಲ್ಲಿ ಉತ್ತರಿಸಲಿಲ್ಲ. ಛಾವಣಿಯನ್ನು ಅರ್ಧ ಎತ್ತಿ, ಅದರ ಮಡಿಕೆಯ ಮೂಲೆಯಲ್ಲಿರುವ ಸಣ್ಣ ತೂಬನ್ನು ಟಾರ್ಚ್ ಹಿಡಿದು ತೋರಿಸಿ, ಅವನ ಕೈಗೆ ಒಂದು ತಂಬಿಗೆ ನೀರು ಕೊಟ್ಟೆ. ಅವನು ನಿಧಾನವಾಗಿ ಸುರಿದ. ನಾವಿಬ್ಬರೂ ಕುಕ್ಕರುಗಾಲಿನಲ್ಲಿ ಕುಳಿತು ಹಿಂಚಕ್ರದ ಮುಂಭಾಗದಿಂದ ನೀರು ನೆಲಕ್ಕೆ ತೊಟ್ಟಿಕ್ಕುವುದನ್ನು ಕಾದು ನೋಡಿದೆವು. ಎಡಗಡೆ ತಕ್ಷಣ ಬಂತು. ಬಲಗಡೆ ಬರಲು ಸ್ವಲ್ಪ ತಡವಾಯಿತು, ಜೊತೆಗೆ ಕೊಳೆತ ಎಲೆಯ ಚೂರೊಂದು ಬಂತು. ಈ ತೂಬುಗಳು ಕಟ್ಟಿಕೊಂಡರೆ ನೀರು ಒಳಗೆ ಇಳಿದು, ನೆಲಹಾಸಿನ ಕೆಳಗಿನ ವಿದ್ಯುತ್ ಸಂಪರ್ಕಗಳನ್ನು ಹಾಳುಮಾಡುತ್ತದೆ ಎಂಬುದು ಅವನಿಗೂ ಗೊತ್ತಿತ್ತು. ಬಲಗಡೆಯದನ್ನು ನಾನು ಆ ಸಂಜೆಯೇ ಶುಚಿ ಮಾಡಿದೆ. ಅವನು ಕೇಳದಿದ್ದರೆ ಅದು ಹಾಗೆಯೇ ಉಳಿದಿರುತ್ತಿತ್ತು.

ತಮ್ಮ ಮೆಕ್ಯಾನಿಕ್ಕಿಗೆ ತೋರಿಸಬಹುದೇ ಎಂದು ಕೇಳಿದವರಿಗೆಲ್ಲ ಒಪ್ಪಿಗೆ ಕೊಟ್ಟೆ. ಮೆಕ್ಯಾನಿಕ್ಕನ್ನು ನಾನು ಸೂಚಿಸಲಿಲ್ಲ, ಏಕೆಂದರೆ ನಾನು ಸೂಚಿಸಿದವರ ತೀರ್ಪಿಗೆ ಅವರ ಬಳಿ ಬೆಲೆಯಿರುವುದಿಲ್ಲ. ಓಡಿಸಿ ನೋಡುವವರ ಲೈಸೆನ್ಸನ್ನು ಮೊದಲು ನೋಡಿ, ಬೇರೆಯವರು ಓಡಿಸುವಾಗಲೂ ನನ್ನ ವಿಮೆ ಅನ್ವಯಿಸುತ್ತದೆಯೇ ಎಂದು ವಿಮೆಯವರನ್ನು ಮುಂಚೆಯೇ ಕೇಳಿಕೊಂಡು, ಮೊದಲ ಅರ್ಧ ದಾರಿ ನಾನೇ ಓಡಿಸಿ ಆಯಿಲ್ ಬಿಸಿಯಾದ ಮೇಲೆ ಸ್ಥಳ ಬಿಟ್ಟುಕೊಡುತ್ತಿದ್ದೆ. ಎಂಜಿನ್ ತೋರಿಸಿ ಎಂದವರಿಗೆ ಮಾತ್ರ ನಿರಾಸೆ. ಮುಂದೆ ತೆರೆದರೂ ಹಿಂದೆ ತೆರೆದರೂ ಸಾಮಾನಿಡುವ ಜಾಗವೇ; ಎಂಜಿನ್ನು ಆಸನಗಳ ಬೆನ್ನಿಗೆ ಅಡಗಿದೆ, ಛಾವಣಿಯನ್ನು ಎತ್ತಿ ನಿಲ್ಲಿಸಿ ಮುಚ್ಚಳ ಬಿಚ್ಚಿದರಷ್ಟೇ ಅದರ ನೆತ್ತಿ ಕಾಣುತ್ತದೆ.

"ಕೊನೆಯ ಬೆಲೆ ಎಷ್ಟು?" ಎಂಬುದು ಕಾರನ್ನು ನೋಡುವ ಮೊದಲೇ ಬರುವ ಪ್ರಶ್ನೆ. ನೋಡಿದ ಮೇಲೆ ಮಾತಾಡೋಣ ಎಂಬುದಕ್ಕಿಂತ ಹೆಚ್ಚು ಉತ್ತರ ಅದಕ್ಕೆ ಬೇಕಿಲ್ಲ. ಒಂದೂ ಪ್ರಶ್ನೆ ಕೇಳದೆ, ನೋಡದೆಯೇ ಕೊಳ್ಳುತ್ತೇನೆ, ಕೇಳಿದ್ದಕ್ಕಿಂತ ಹೆಚ್ಚು ಹಣ ಕಳಿಸುತ್ತೇನೆ, ಉಳಿದದ್ದನ್ನು ಕಾರು ಸಾಗಿಸುವವರಿಗೆ ಕೊಡಿ ಎನ್ನುವವರು ವಂಚಕರು. ಅವರಿಗೆ ಉತ್ತರವನ್ನೇ ಕೊಡಲಿಲ್ಲ. ಹಣ ಖಾತೆಗೆ ಸೇರಿದೆ ಎಂದು ಬ್ಯಾಂಕಿನವರನ್ನೇ ಕೇಳಿ ಖಚಿತಪಡಿಸಿಕೊಳ್ಳುವವರೆಗೆ ಕೀಲಿಯಾಗಲಿ ಕಾಗದವಾಗಲಿ ಕೈಬಿಡಬಾರದು.

ಯಾಕೆ ಮಾರುತ್ತಿದ್ದೀರಿ ಎಂದು ಎಲ್ಲರೂ ಕೇಳಿದರು. ಬೆನ್ನುನೋವಿನಿಂದ ಅಷ್ಟು ತಗ್ಗಿನ ಆಸನಕ್ಕೆ ಇಳಿಯುವುದೂ ಅದರಿಂದ ಏಳುವುದೂ ನನಗೆ ಕಷ್ಟವಾಗಿದೆ. ಇದನ್ನು ಹೇಳುವಾಗ ಪ್ರತಿ ಬಾರಿಯೂ ಮನಸ್ಸು ಭಾರವಾಗುತ್ತಿತ್ತು, ಆದರೂ ಹೇಳಿದೆ.

ಕೊನೆಗೆ ಕಾರನ್ನು ಕೊಂಡವನು ತಂಬಿಗೆಯಿಂದ ನೀರು ಸುರಿದ ಯುವಕನೇ. ಅವನ ಮೆಕ್ಯಾನಿಕ್ಕು ಕ್ಯಾಮೆರಾ ಇಳಿಸಿ ಸಿಲಿಂಡರುಗಳನ್ನು ನೋಡಿ, ಗೀರಿಲ್ಲ ಎಂದ ಮೇಲೆ, ಟೈರುಗಳ ಖರ್ಚನ್ನು ಬೆಲೆಯಲ್ಲಿ ಕಳೆದು ವ್ಯವಹಾರ ಮುಗಿಯಿತು. ಎರಡು ತಿಂಗಳ ಬಳಿಕ ಅವನಿಂದ ಫೋನು ಬಂತು. ಮೂರು ವಾರ ಊರಿನಲ್ಲಿರಲಿಲ್ಲವಂತೆ, ಬ್ಯಾಟರಿ ಪೂರ್ತಿ ಇಳಿದಿದೆ. ಬ್ಯಾಟರಿ ಇರುವುದು ಮುಂದಿನ ಮುಚ್ಚಳದ ಕೆಳಗೆ, ಆ ಮುಚ್ಚಳ ತೆರೆಯುವುದು ವಿದ್ಯುತ್ತಿನಿಂದ. ನಾನು ಫೋನಿನಲ್ಲೇ ಹೇಳುತ್ತ ಹೋದೆ: ಬಾಗಿಲನ್ನು ಕೀಲಿಯಿಂದ ತೆರೆಯಿರಿ, ಕಾಲಿಡುವ ಜಾಗದ ಪಕ್ಕದಲ್ಲಿ ಫ್ಯೂಸ್ ಪೆಟ್ಟಿಗೆಯ ಮುಚ್ಚಳ ತೆಗೆಯಿರಿ, ಅದರೊಳಗೆ ಹೊರಕ್ಕೆ ಎಳೆಯಬಹುದಾದ ಲೋಹದ ಕಡ್ಡಿಯೊಂದಿದೆ, ಇನ್ನೊಂದು ಬ್ಯಾಟರಿಯ ಪಾಸಿಟಿವ್ ತಂತಿಯನ್ನು ಅದಕ್ಕೆ ಸಿಕ್ಕಿಸಿ, ನೆಗೆಟಿವ್ ತಂತಿಯನ್ನು ಬಾಗಿಲು ಸಿಕ್ಕಿಕೊಳ್ಳುವ ಲೋಹದ ಕೊಂಡಿಗೆ ಹಿಡಿಸಿ. ಅವನು ಫೋನನ್ನು ಆಸನದ ಮೇಲಿಟ್ಟ ಸದ್ದು ಕೇಳಿಸಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ನನಗೆ ಚೆನ್ನಾಗಿ ಗುರುತಿದ್ದ ಆ ಟಕ್ಕೆಂಬ ಸದ್ದು, ಅದರ ಹಿಂದೆಯೇ "ತೆರೆಯಿತು" ಎಂಬ ಅವನ ದನಿ.